ಸುರುಳಿ ಸುತ್ತುವ ಜೋಳ

ಚಾಮರಾಜನಗರ–ಗುಂಡ್ಲುಪೇಟೆ ದಾರಿಯಲ್ಲಿ ಕಾರು ನಿಲ್ಲಿಸುವವರೆಲ್ಲ ಸೂರ್ಯಕಾಂತಿ, ಚೆಂಡುಹೂವಿನ ಮುಂದೆ ಸೆಲ್ಫಿಗೆ ನಿಲ್ಲುತ್ತಾರೆ. ಪಕ್ಕದ ಹೊಲದ ಜೋಳದತ್ತ ಯಾರ ಕಣ್ಣೂ ಹೋಗದು. ನನ್ನ ಮೆಚ್ಚುಗೆಯೆಲ್ಲ ಅದಕ್ಕೇ.

ಪಶ್ಚಿಮಘಟ್ಟ, ನೀಲಗಿರಿಗಳ ಮಳೆನೆರಳಿನ ಸೀಮೆಯಿದು. ಮುಂಗಾರು ಎಷ್ಟೋ ಸಲ ಬರೀ ಗಾಳಿ ಬೀಸಿ ಹೋಗುತ್ತದೆ. ಅಂಥ ವಾರಗಳಲ್ಲಿ ನಡುಮಧ್ಯಾಹ್ನ ಜೋಳದ ಎಲೆ ನೋಡಬೇಕು: ಉದ್ದಕ್ಕೂ ಸುರುಳಿಯಾಗಿರುತ್ತದೆ. ಎಲೆಯ ಮೇಲ್ಪದರದ ದೊಡ್ಡ ಜೀವಕೋಶಗಳು ನೀರು ಕಳೆದುಕೊಂಡು ಕುಗ್ಗಿದಾಗ ಬರುವ ಮಡಿಕೆ ಅದು. ಬಿಸಿಲಿಗೆ ಒಡ್ಡುವ ಮೈ ಕಿರಿದಾಗುತ್ತದೆ, ಆವಿಯಾಗುವ ನೀರೂ ತಗ್ಗುತ್ತದೆ. ಜೊತೆಗೆ ಎಲೆ, ದಂಟಿನ ಮೇಲೆ ಬೂದಿ ಬಳಿದಂಥ ಮೇಣದ ಲೇಪ. ಬರ ಬಿಗಿಯಾದರೆ ಬೆಳವಣಿಗೆಯನ್ನೇ ತಡೆದು ಕಾಯುತ್ತದೆ, ಹನಿ ಬಿದ್ದರೆ ಮತ್ತೆ ಏಳುತ್ತದೆ. ಈಗ ಎಲ್ಲರೂ ಬೆನ್ನುಹತ್ತಿರುವ ಮುಸುಕಿನ ಜೋಳಕ್ಕೆ ಈ ತಾಳ್ಮೆ ಎಲ್ಲಿ? ಹೂಬಿಡುವ ಹೊತ್ತಿಗೆ ತೇವ ತಪ್ಪಿದರೆ ಕಾಳು ಕಟ್ಟುವುದೇ ಕಷ್ಟ.

ಹಾಗೆಂದು ಜೋಳ ಸಾಧುವೇನಲ್ಲ. ಬಾಡಿದ ಎಳೆ ಪೈರಿನಲ್ಲಿ ಧುರಿನ್ ಎಂಬ ವಸ್ತು ಹೆಚ್ಚುತ್ತದೆ. ಮೇಯ್ದ ದನದ ಹೊಟ್ಟೆಯಲ್ಲಿ ಅದು ಸಯನೈಡ್ ವಿಷ ಬಿಡುತ್ತದೆ. ಸೊರಗಿದ ಜೋಳಕ್ಕೆ ಹಸು ಬಿಡಬೇಡಿ ಎಂದು ಹಿರಿಯರು ಗದರುವುದು ಸುಮ್ಮನಲ್ಲ. ಪೈರು ಬಲಿತಂತೆ ಆ ನಂಜು ಇಳಿಯುತ್ತದೆ. ತೆನೆ ಮುರಿದ ಮೇಲೆ ಒಣಗಿಸಿ ಒಟ್ಟಿದ ಅದೇ ದಂಟು ಬೇಸಿಗೆಗೆ ಮೇವು.