ಬಣ್ಣದ ವೇಷದ ಬಿಳಿ

ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬಂದಾಗ ಹೆಚ್ಚಿನವರು ಅಟ್ಟಹಾಸಕ್ಕೆ, ಕಿರೀಟಕ್ಕೆ ಬೆರಗಾಗುತ್ತಾರೆ. ನನ್ನ ಕಣ್ಣು ಮಾತ್ರ ಮುಖದ ಮೇಲಿನ ಬಿಳಿಯಲ್ಲೇ ನೆಟ್ಟುಬಿಡುತ್ತದೆ. ಅದು ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಕಲಸಿದ್ದು, ಅಷ್ಟೇ.

ಕಥಕಳಿಯಲ್ಲಿ ಚುಟ್ಟಿ ಇಡಲು ಬೇರೆಯೇ ಕಲಾವಿದರಿರುತ್ತಾರೆ. ಇಲ್ಲಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಕನ್ನಡಿ ಮುಂದೆ ಕೂತ ವೇಷಧಾರಿಯೇ ಇಟ್ಟುಕೊಳ್ಳಬೇಕು. ಕಡ್ಡಿಯ ತುದಿಯಲ್ಲಿ ಒಂದಿಷ್ಟು ಹಿಟ್ಟು, ಹುಬ್ಬಿನ ಮೇಲೊಂದು ಚುಕ್ಕೆ. ಕಡ್ಡಿ ಎತ್ತುವಾಗ ಅದು ಮುಳ್ಳಿನ ಹಾಗೆ ಸೆಟೆದು ನಿಲ್ಲಬೇಕು. ನೀರು ಹೆಚ್ಚಾದರೆ ಇಳಿಯುತ್ತದೆ, ಕಡಿಮೆಯಾದರೆ ಚರ್ಮಕ್ಕೆ ಅಂಟದು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಒಣಗುತ್ತಾ ಚರ್ಮವನ್ನು ಬಿಗಿಯುವ ಆ ಹಿಟ್ಟಿನಡಿ ಮುಖ ಅಲುಗಿಸದೆ ಗಂಟೆಗಟ್ಟಲೆ ಕೂರುವ ತಾಳ್ಮೆ, ಅಬ್ಬಾ!

ಹಬ್ಬದ ದಿನ ಹೊಸ್ತಿಲಲ್ಲಿ ರಂಗೋಲಿಯಾಗಿ ದೇವರನ್ನು ಕರೆಯುವುದೂ ಇದೇ ಅಕ್ಕಿಯ ಬಿಳಿ. ಮುಖದ ಕೆಂಪು, ಕಪ್ಪಿನ ನಡುವೆ ಎದ್ದುನಿಂತರೆ ಅದೇ ಬಿಳಿ ಮಹಿಷಾಸುರ. ಸಭೆಯ ನಡುವಿನಿಂದ ದೊಂದಿಯ ಬೆಳಕಲ್ಲಿ ಅವನು ಬರುವಾಗ ಪ್ರತಿ ಮುಳ್ಳೂ ಪುಟ್ಟ ನೆರಳು ಚೆಲ್ಲುತ್ತದೆ; ಮಕ್ಕಳು ಅಮ್ಮನ ಸೆರಗಿನೊಳಗೆ ನುಗ್ಗುತ್ತಾರೆ.

ಆಟಕ್ಕೆ ಹೋಗುವವರು ದಯವಿಟ್ಟು ಬೇಗ ಹೋಗಿ, ಚೌಕಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ.