ಸೂಜಿಮೆಣಸನ್ನು ಎಬ್ಬಿಸುವ ಕೈ

ಮಲೆನಾಡಿನ ಹಿತ್ತಲಲ್ಲಿ ಸೂಜಿಮೆಣಸನ್ನು ಬಿತ್ತುವವರಲ್ಲಿ ಹಕ್ಕಿಗಳೇ ಮೊದಲು. ಅವಕ್ಕೆ ಖಾರ ತಾಗದು. ಹಣ್ಣು ನುಂಗಿ ಬೇಲಿಯ ಮೇಲೆ ಕೂತು ಬೀಜ ಉದುರಿಸಿ ಹೋಗುತ್ತವೆ. ಆದರೆ ಬೇಕೆಂದ ಜಾಗದಲ್ಲಿ, ಬೇಕೆಂದ ಹೊತ್ತಿಗೆ ಅದನ್ನು ಎಬ್ಬಿಸುವ ಅಜ್ಜಿಯಂದಿರ ಕೈ ನೋಡಬೇಕು.

ಬೀಜಕ್ಕೆ ಅವರು ಆರಿಸುವುದು ಗಿಡದಲ್ಲೇ ಕೆಂಪೇರಿ ಮೆತ್ತಗಾದ ಹಣ್ಣನ್ನು. ನೆರಳಲ್ಲಿ ಒಣಗಿಸಿ, ಒಲೆಯ ತಣಿದ ಬೂದಿ ಸವರಿ ಇಡುತ್ತಾರೆ. ಒಡಕು ಮಡಕೆಯಲ್ಲಿ ಉದುರಿಸಿದ ಬೀಜದ ಮೇಲೆ ಪುಡಿಗೊಬ್ಬರದ ತೆಳು ಹೊದಿಕೆ, ಅಷ್ಟೇ. ನೀರು ಸುರಿಯುವ ಮಾತಿಲ್ಲ, ಬೆರಳಿಂದ ಚಿಮುಕಿಸುವುದು. ತೇವ ಮಿಕ್ಕಿದರೆ ಸಸಿ ಬುಡ ಕೊಳೆತು ಮಲಗಿಬಿಡುತ್ತದೆ. ಮೊಳಕೆ ತಲೆಯೆತ್ತಲು ಎರಡು ವಾರ ಹಿಡಿದರೂ ಅವರು ಮಣ್ಣು ಕೆದಕಿ ನೋಡುವುದಿಲ್ಲ. (ನನಗಂತೂ ಆ ತಾಳ್ಮೆ ಇಲ್ಲ.) ನಾಲ್ಕಾರು ಎಲೆ ಬಂದ ಸಸಿಯನ್ನು ಬೇರಿನ ಮಣ್ಣು ಸಮೇತ, ಬಿಸಿಲು ಇಳಿದ ಮೇಲೆ ನೆಡುತ್ತಾರೆ.

ಆಮೇಲಿನದು ಕಣ್ಣಿನ ಕೆಲಸ. ದಿನಾ ಎಲೆ ಮಗುಚಿ ನೋಡುವುದು. ಅಂಚು ಮೇಲಕ್ಕೆ ಮುರುಟಿದರೆ ಥ್ರಿಪ್ಸ್, ಕೆಳಕ್ಕೆ ಬಾಗಿದರೆ ಮೈಟ್ ನುಸಿ. ಹೆಸರು ಗೊತ್ತಿಲ್ಲದಿದ್ದರೂ ಭೇದ ಅವರಿಗೆ ಗೊತ್ತು. ಹುಳಿ ಮಜ್ಜಿಗೆ ಚಿಮುಕಿಸುತ್ತಾರೆ.

ಬಿಳಿ ಹೂ ಉದುರಿ ಆಕಾಶಕ್ಕೆ ಮುಖವೆತ್ತಿದ ಕಾಯನ್ನು ಕೊಯ್ಯುವಾಗ ತೊಟ್ಟು ಬಿಡುವುದಿಲ್ಲ, ರೆಂಬೆಯನ್ನೂ ಸೀಳುವುದಿಲ್ಲ. ಖಾರದ ಮನೆ ಬೀಜವಲ್ಲ, ಬೀಜ ಅಂಟಿಕೊಂಡ ಬಿಳಿ ತಿರುಳು. ಕಾಯಿ ಸೀಳುವ ಮೊದಲು ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ಅದಕ್ಕೇ. ಅಪ್ಪೆಹುಳಿ ಎಂಬ ಮಾವಿನ ಸಾರಿಗೆ ಮೂರು ಮೆಣಸು ಸಾಕು. ಉಳಿದದ್ದು ಉಪ್ಪು ಮಜ್ಜಿಗೆಯಲ್ಲಿ ನೆಂದು ಬಿಸಿಲಿಗೆ ಹೋಗುತ್ತದೆ.