ಕಲ್ಲಿನಲ್ಲಿರುವ ೞ ನಮ್ಮ ಪಾಠದಲ್ಲಿ ಯಾಕಿಲ್ಲ?

ಬಾದಾಮಿಯ ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 700, ಒಟ್ಟು 10 ಸಾಲು. ನಮಗೆ ಸಿಕ್ಕಿರುವ ಹಳೆಯ ತ್ರಿಪದಿಗಳು ಇರುವುದು ಅಲ್ಲೇ. ಜೆ.ಎಫ್. ಫ್ಲೀಟ್ 1881ರಲ್ಲಿ ಇದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಈಗ ಅದರ ಪಾಠ ವಾಟ್ಸಾಪಿನಲ್ಲಿ ತಿರುಗಾಡುತ್ತದೆ. ನನ್ನ ಫೋನಿಗೆ ಬಂದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಱ ಇದ್ದ ಕಡೆ ಇನ್ನೊಂದರಲ್ಲಿ ರ ಇದೆ. ಯಾರೂ ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ. ನನ್ನ ತಕರಾರು ಇರುವುದು ಇಲ್ಲೇ, ಮತ್ತು ಅದರಲ್ಲಿ ನನ್ನ ಮೇಲಿನ ತಕರಾರೂ ಸೇರಿದೆ.

ೞ ಮತ್ತು ಱ ಅಲಂಕಾರಕ್ಕೆ ಇದ್ದ ಅಕ್ಷರಗಳಲ್ಲ. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಆಳ್ದಂ ಅಂದರೆ ಆಳಿದವನು, ಆೞ್ದಂ ಅಂದರೆ ಮುಳುಗಿದವನು. ಅರಿ ಅಂದರೆ ಕತ್ತರಿಸು, ಅಱಿ ಅಂದರೆ ತಿಳಿ. ಜನರನ್ನು ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ನಮ್ಮ ಬಾಗಲಕೋಟೆ ಕಡೆ ಹಾಲು 'ಹಿಂಡತಾರ', ಹಾಗಾಗಿ ನಮಗೆ ಈ ಗೊಂದಲ ಇಲ್ಲ ಬಿಡಿ. ೞ ಹೇಗೆ ಕೇಳುತ್ತದೆ ಅಂತ ತಿಳಿಯಬೇಕಾದರೆ ತಮಿಳರು ತಮ್ಮ ಭಾಷೆಯ ಹೆಸರು ಹೇಳುವುದನ್ನು ಕೇಳಿ, ಕೊನೆಯ ಅಕ್ಷರ ಅದೇ. ರ ಮತ್ತು ಱ ಮಲಯಾಳದಲ್ಲಿ ಇವತ್ತಿಗೂ ಬೇರೆ ಬೇರೆ. ನಾವು ಮಾತ್ರ ಇಂಗ್ಲಿಷ್ ಸ್ಪೆಲಿಂಗ್ ನೋಡಿ 'ಕೋಝಿಕ್ಕೋಡ್' ಅಂತ ಬರೆಯುತ್ತೇವೆ. ಅಲ್ಲಿರುವ ಧ್ವನಿಗೆ ನಮ್ಮ ಲಿಪಿಯಲ್ಲೇ ಅಕ್ಷರ ಇದೆ ಅನ್ನುವುದೂ ಮರೆತುಹೋಗಿದೆ.

'ಅರ್ಥ ಆದರೆ ಸಾಕಲ್ಲ, ಅಕ್ಷರ ಯಾವುದಾದರೇನು?' ಅಂತ ಕೇಳುವವರು ಇದ್ದಾರೆ. ಕಥೆ ಅಷ್ಟೇ ಬೇಕಿದ್ದರೆ ಸಾಕು. ಕಾಲ ಹೇಳಬೇಕಾದರೆ ಸಾಕಾಗುವುದಿಲ್ಲ. ಈ ಧ್ವನಿ ಒಂದೇ ದಿನ ಹೋದದ್ದಲ್ಲ. ವ್ಯಂಜನದ ಹಿಂದೆ ಇದ್ದಾಗ ೞ ಮೊದಲು ರ ಆಯಿತು, ಆಮೇಲೆ ಮುಂದಿನ ವ್ಯಂಜನದಲ್ಲಿ ಕರಗಿತು: ಗೞ್ದೆ, ಗರ್ದೆ, ಗದ್ದೆ, ಕೞ್ತೆ, ಕರ್ತೆ, ಕತ್ತೆ. ಸ್ವರಗಳ ನಡುವೆ ಇದ್ದಾಗ ಳ ಆಯಿತು: ಮೞೆ ಹೋಗಿ ಮಳೆ, ಕೋೞಿ ಹೋಗಿ ಕೋಳಿ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞ ಬರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕಿವಿಗೆ ವ್ಯತ್ಯಾಸ ಗೊತ್ತಾಗುತ್ತಿದ್ದರೆ ಪಟ್ಟಿ ಯಾಕೆ ಬೇಕಿತ್ತು? ತೇದಿ ಒಡೆದುಹೋದ ಕಲ್ಲಿನಲ್ಲಿ ಗೞ್ದೆ ಇದೆಯೋ ಗರ್ದೆ ಇದೆಯೋ ಅನ್ನುವುದು ಸಣ್ಣ ಸಾಕ್ಷಿ, ಆದರೆ ಸಾಕ್ಷಿ. ಅದನ್ನು 'ಗದ್ದೆ' ಅಂತ ಟೈಪ್ ಮಾಡಿದವರು ಸಾಕ್ಷಿಯನ್ನು ಅಳಿಸಿದ ಹಾಗೆ.

ಇನ್ನು ನನ್ನ ತಪ್ಪು. ಹುನಗುಂದದ ಕಡೆ ಒಂದು ಹೊಲದ ಬದುವಿನಲ್ಲಿ ದಾನಶಾಸನದ ತುಂಡು ನೋಡಿದೆ. ತೇದಿಯ ಭಾಗ ಇಲ್ಲ. ಕೊನೆಗೆ ಎಲ್ಲಾ ದಾನಶಾಸನಗಳಲ್ಲಿ ಇರುವ ಶಾಪ, ದಾನವನ್ನು ಅಳಿದವನಿಗೆ ಪಾಪ ಅನ್ನುವ ಮಾತು. 'ಅೞಿ' ಅಂದರೆ ಹಾಳುಮಾಡು, ಅದಕ್ಕೆ ೞ ಬೇಕು. ಆಗತಾನೆ ೞ ಕಲಿತಿದ್ದೆ, ಹುಮ್ಮಸ್ಸಿತ್ತು. 'ಅೞಿದ' ಅಂತ ಪಾಠ ಬರೆದು, ೞ ಇರುವುದರಿಂದ ಇದು 10ನೇ ಶತಮಾನಕ್ಕಿಂತ ಈಚಿನದಲ್ಲ ಅಂತಲೂ ಸೇರಿಸಿ ಗೆಳೆಯರಿಗೆ ಹಂಚಿದೆ. ಇಳಕಲ್ಲಿನ ನಿವೃತ್ತ ಮಾಸ್ತರರೊಬ್ಬರು ಫೋಟೋವನ್ನು ಹಿಗ್ಗಿಸಿ ನೋಡಿ, 'ತಮ್ಮಾ, ಇಲ್ಲಿ ಇರೂದು ಬರೇ ಳ. ಕಲ್ಲಿನ್ಯಾಗ ಇದ್ದದ್ದ ಬರಿ, ನಿನ್ನ ತಲ್ಯಾಗ ಇದ್ದದ್ದಲ್ಲ' ಅಂದರು. ನೋಡಿದರೆ ಹೌದು. ಬರೆದವನ ಬಾಯಲ್ಲಿ ಆಗಲೇ ೞ ಹೋಗಿತ್ತು, ಅವನು ಮಾತಾಡಿದ ಹಾಗೆ ಬರೆದಿದ್ದ. ನಾನು ಅವನ ಕಾಗುಣಿತ ತಿದ್ದಿ, ನಾನೇ ಇಟ್ಟ ಅಕ್ಷರದ ಆಧಾರದ ಮೇಲೆ ನಾನೇ ಕಾಲ ನಿರ್ಣಯ ಮಾಡಿದ್ದೆ! ೞ ಬಿಡುವುದು ಎಷ್ಟು ತಪ್ಪೋ, ಇಲ್ಲದ ಕಡೆ ೞ ತುರುಕುವುದೂ ಅಷ್ಟೇ ತಪ್ಪು.

ಕೀಬೋರ್ಡಿನಲ್ಲಿ ಈ ಅಕ್ಷರ ಇಲ್ಲ ಅನ್ನುವ ನೆಪ ಎಷ್ಟೋ ಫೋನುಗಳ ಮಟ್ಟಿಗೆ ನಿಜ. ಆದರೆ ಯೂನಿಕೋಡಿನಲ್ಲಿ ಎರಡೂ ಇವೆ: ಱ ಸಂಖ್ಯೆ 0ಸಿಬಿ1, ೞ ಸಂಖ್ಯೆ 0ಸಿಡಿಇ. ತಮಾಷೆ ಏನೆಂದರೆ ಅಲ್ಲಿ ೞ ಅಕ್ಷರಕ್ಕೆ ಇಟ್ಟ ಹೆಸರು 'ಎಫ್‌ಎ'! ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ, ಹಾಗಾಗಿ ಹೆಸರು ತಪ್ಪು ಅನ್ನುವ ಟಿಪ್ಪಣಿ ಸೇರಿಸಿ ಹಾಗೇ ಬಿಟ್ಟಿದ್ದಾರೆ. ಎಂಜಿನಿಯರ್ ಆದ ನನಗೆ ಇದು ಹಿಡಿಸಿತು. ತಪ್ಪನ್ನು ಮುಚ್ಚಿಲ್ಲ, ಪಕ್ಕದಲ್ಲಿ ಬರೆದಿದ್ದಾರೆ.

ಅಕ್ಷರ ಕಳೆದುಕೊಂಡವರು ನಾವೊಬ್ಬರೇ ಅಲ್ಲ. ಜಾರ್ಜಿಯಾದಲ್ಲಿ ಅಸೊಮ್ತಾವ್ರುಲಿ, ನುಸ್ಖುರಿ, ಮ್ಖೆದ್ರುಲಿ ಅಂತ ಮೂರು ಲಿಪಿ. ಬೋಲ್ನಿಸಿ ಚರ್ಚಿನಲ್ಲಿರುವ ಅಸೊಮ್ತಾವ್ರುಲಿ ಶಾಸನ 5ನೇ ಶತಮಾನದ ಕೊನೆಯದು, ಅಂದರೆ ನಮ್ಮ ಬಾದಾಮಿಯ ಕೋಟೆಬಂಡೆಯ ಮೇಲಿನ 543ರ ಶಾಸನಕ್ಕಿಂತ ಅರ್ಧ ಶತಮಾನ ಹಿಂದಿನದು. ಧ್ವನಿ ಹೋಗಿದ್ದರಿಂದ 1879ರಲ್ಲಿ ಅಲ್ಲಿ 5 ಅಕ್ಷರಗಳನ್ನು ದಿನಬಳಕೆಯಿಂದ ತೆಗೆದರು. ಹಾಗಂತ ಹಳೆಯ ಬರಹವನ್ನು ಅಚ್ಚು ಹಾಕುವಾಗ ಅವನ್ನು ಬಿಡುವುದಿಲ್ಲ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಮೂರೂ ಲಿಪಿಗಳ ಪರಂಪರೆ ಸೇರಿತು. ನಮ್ಮಲ್ಲಿ ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಅಕ್ಷರಗಳು ಸದ್ದಿಲ್ಲದೆ ಜಾರಿದವು. ದಿನಬಳಕೆಗೆ ೞ ವಾಪಸ್ ತನ್ನಿ ಅಂತ ನಾನು ಹೇಳುತ್ತಿಲ್ಲ. ಶಾಸನಪಾಠದಲ್ಲಿ ಇರಲಿ ಅಷ್ಟೇ.

ಸಾಮಾನ್ಯ ಓದುಗರಿಗೆ ೞ ಕಂಡರೆ ತೊಡಕು, ಒಪ್ಪುತ್ತೇನೆ. ಅದಕ್ಕೆ ದಾರಿ ಇದೆ: ಮೇಲೆ ಕಲ್ಲಿನಲ್ಲಿದ್ದ ಹಾಗೆ ಪಾಠ, ಕೆಳಗೆ ಹೊಸಗನ್ನಡದಲ್ಲಿ ಅದೇ ಸಾಲು. ಅಕ್ಷರ ಸವೆದಿದ್ದರೆ ಸವೆದಿದೆ ಅಂತ ಬರೆಯೋಣ. ಟೈಪ್ ಮಾಡಲು ಬಾರದಿದ್ದರೆ ಬೇರೆ ಕಡೆಯಿಂದ ಆ ಒಂದು ಅಕ್ಷರ ಕಾಪಿ ಮಾಡಿಕೊಳ್ಳಿ, ಈ ಲೇಖನದಿಂದಲೇ ಆದೀತು. ಹುನಗುಂದದ ಆ ತುಂಡಿನ ಪಾಠವನ್ನು ನಾನು ಹಿಂದಕ್ಕೆ ಪಡೆದಿದ್ದೇನೆ. ಹೊಸ ಪಾಠದಲ್ಲಿ 'ಅಳಿದ' ಅಂತಲೇ ಇದೆ, ಕಾಲದ ಜಾಗ ಖಾಲಿ ಇದೆ. ಹಳೆಯ ಪ್ರತಿ ಯಾರ ಹತ್ತಿರ ಇದೆಯೋ ದಯವಿಟ್ಟು ಅಳಿಸಿಬಿಡಿ. ಅದನ್ನು ಅಳಿಸಿದರೆ ಪಾಪ ಇಲ್ಲ.